ಅಜ್ಜಿ ತಾತನ ಜೊತೆ ಓರ್ಲ್ಯಾಂಡೊ: ರೂಮು ಹಿಡಿಯುವ ಮುಂಚೆ

ಎಲ್ಲರಿಗೂ ನಮಸ್ಕಾರ. ಶಿರಾದ ಅಕ್ಕ ಕೇಳಿದ್ದಕ್ಕೆ ತುಂಬ ಜನ ಒಂದೊಂದು ಸಾಲು ಉತ್ತರ ಹಾಕಿದ್ದೀರಿ. ಒಂದು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ ಅನ್ನಿಸಿ ಉದ್ದವಾಗಿಯೇ ಬರೆಯುತ್ತಿದ್ದೇನೆ. ಅಕ್ಕನ ಪ್ರಶ್ನೆ ಇದು: ಗಂಡ ಹೆಂಡತಿ, ಎಂಟು ವರ್ಷದ ಮಗಳು, ಮೂರು ತುಂಬಿದ ಮಗ, ಊರಿಂದ ಬರುವ ಅತ್ತೆ ಮಾವ, ಒಟ್ಟು ಆರು ಜನ. ಬೇಸಿಗೆ ರಜೆಯಲ್ಲಿ ಅಮೆರಿಕದ ಫ್ಲಾರಿಡಾದ ಓರ್ಲ್ಯಾಂಡೊ ಹತ್ತಿರ ಇರುವ ಡಿಸ್ನಿ ವರ್ಲ್ಡ್‌ನ ಮನರಂಜನಾ ಪಾರ್ಕುಗಳನ್ನು ತೋರಿಸಬೇಕು, ಉಳಿಯೋಕೆ ಕೈಗೆಟಕುವ ಜಾಗ ಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬಂದು ಅಮೆರಿಕದಲ್ಲಿ ನೆಲೆಸಿದ ನಮ್ಮಂಥ ಮನೆಗಳಲ್ಲಿ ಅಪ್ಪ ಅಮ್ಮ ಬಂದ ವರ್ಷವೇ ಈ ಪ್ರವಾಸ ಆಗುವುದು ಹೆಚ್ಚು. ಆದ್ದರಿಂದ ಇದು ಅಕ್ಕ ಒಬ್ಬರ ಪ್ರಶ್ನೆ ಅಲ್ಲ.

ನಾನೀಗ ಚಿಂತಾಮಣಿಯಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ನ್ಯೂಜೆರ್ಸಿಗೆ ವಾಪಸ್ ಹೋಗುವಾಗ ಅಪ್ಪ ಅಮ್ಮನೂ ಜೊತೆಗೆ ಬರುತ್ತಿದ್ದಾರೆ, ಆಗಸ್ಟ್ ಕೊನೆಗೆ ಓರ್ಲ್ಯಾಂಡೊ. ವಿಷಯ ಹೇಳುತ್ತಿದ್ದಂತೆ ಅಮ್ಮ ಕೇಳಿದ್ದು "ಲಾಡ್ಜಲ್ಲಿ ಒಲೆ ಇರ್ತದಾ?" ಆಮೇಲೆ ಕೇಳಿದ್ದು "ಎಲ್ಲರೂ ಒಂದೇ ಕಡೆ ಮಲಗಬಹುದಾ?" ಜಾಗ ಹುಡುಕುವವರು ಈ ಎರಡು ಪ್ರಶ್ನೆಯಿಂದಲೇ ಶುರು ಮಾಡಿ ಅನ್ನುವುದು ನನ್ನ ಮಾತು. ರಾತ್ರಿಗೆ ಎಷ್ಟು ಡಾಲರ್ ಅನ್ನುವುದು ಅದಾದ ಮೇಲೆ.

ಮೊದಲು ಮಲಗುವ ವಿಚಾರ. ತಿರುಪತಿಗೆ ಹೋದಾಗ ಒಂದು ರೂಮು ತೆಗೆದುಕೊಂಡು, ಮಂಚದ ಮೇಲೆ ಹಿರಿಯರು, ಕೆಳಗೆ ಚಾಪೆ ಹಾಸಿ ಉಳಿದವರೆಲ್ಲ ಮಲಗುವುದು ನಮ್ಮ ಕಡೆಯ ರೂಢಿ. ಅಮೆರಿಕದಲ್ಲಿ ಅದು ನಡೆಯೋಲ್ಲ. ಎರಡು ಮಂಚದ ಮಾಮೂಲಿ ರೂಮಿಗೆ ನಾಲ್ಕು ಜನ ಅಂದರೆ ನಾಲ್ಕೇ ಜನ. ಬೆಂಕಿ ಸುರಕ್ಷತೆಯ ನಿಯಮ ಅದರ ಹಿಂದಿದೆ. ನಾಲ್ಕು ಜನ ಅಂತ ಬರೆಸಿ ಆರು ಜನ ಹೋಗಿ ನಿಂತರೆ ಇನ್ನೊಂದು ರೂಮು ತೆಗೆದುಕೊಳ್ಳಿ ಅನ್ನಬಹುದು, ಆ ಹೊತ್ತಿನಲ್ಲಿ ಅದರ ಬೆಲೆ ನಮ್ಮ ಕೈಯಲ್ಲಿರುವುದಿಲ್ಲ. ಹಾಗಾಗಿ 60-70 ಡಾಲರಿನ ರೂಮು ಕಂಡು ಖುಷಿಪಡುವ ಮುಂಚೆ ಅದನ್ನು ಎರಡರಿಂದ ಗುಣಿಸಿ. ಎರಡು ರೂಮು ತೆಗೆದರೂ ನಡುವೆ ಬಾಗಿಲು ಇರುವ ಜೋಡಿ ರೂಮೇ ಸಿಗುತ್ತದೆ ಅನ್ನುವ ಖಾತ್ರಿ ಎಲ್ಲ ಕಡೆ ಕೊಡುವುದಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದ ಅತ್ತೆ ಮಾವ ಬೇರೆ ಮಹಡಿಯಲ್ಲಿ, ಕಾರ್ಡು ಉಜ್ಜಿ ತೆರೆಯುವ ಬಾಗಿಲಿನ ಹಿಂದೆ ಇಬ್ಬರೇ ಇರುವುದು ನನಗಂತೂ ಸರಿ ಕಾಣುವುದಿಲ್ಲ.

ಬೆಲೆ ನೋಡುವಾಗ ಒಂದು ಎಚ್ಚರ. ಡಿಸ್ನಿಗೆ ಹತ್ತಿರದ ಕಿಸ್ಸಿಮ್ಮಿ ಪಟ್ಟಣ ಇರುವ ಓಸಿಯೋಲಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ರೂಮಿನ ಬೆಲೆಯ ಮೇಲೆ ಮಾರಾಟ ತೆರಿಗೆ 7.5 ಶೇಕಡಾ, ಪ್ರವಾಸಿ ತೆರಿಗೆ 6 ಶೇಕಡಾ, ಎರಡೂ ಸೇರಿ 13.5. ಓರ್ಲ್ಯಾಂಡೊ ನಗರ ಇರುವ ಆರೆಂಜ್ ಕೌಂಟಿಯಲ್ಲಿ 12.5. ಇದರ ಮೇಲೆ ಹೋಟೆಲಿನ ಸೌಕರ್ಯಗಳಿಗೆ ಅಂತ ಹಾಕುವ ರೆಸಾರ್ಟ್ ಫೀ, ಪಾರ್ಕಿಂಗ್, ಪ್ರವಾಸಿಗರಿಗೆ ಕೆಲವು ರಾತ್ರಿಗೆ ಕೊಡುವ ಬಾಡಿಗೆ ಮನೆಯಾದರೆ ಕ್ಲೀನಿಂಗ್ ಫೀ. ಕಡ್ಡಾಯ ಫೀಗಳನ್ನೆಲ್ಲ ಸೇರಿಸಿಯೇ ಬೆಲೆ ತೋರಿಸಬೇಕು ಅನ್ನುವ ಅಮೆರಿಕದ ಕೇಂದ್ರ ಸರ್ಕಾರದ ನಿಯಮ 2025ರ ಮೇ 12ರಿಂದ ಜಾರಿಯಲ್ಲಿದೆ. ಆದರೂ ತೆರಿಗೆಯನ್ನು ಕೊನೆಯ ಪುಟದಲ್ಲಿ ಸೇರಿಸಬಹುದು, ಪಾರ್ಕಿಂಗ್ ಬೇರೆ ಇರಬಹುದು. ಹಣ ಕಟ್ಟುವ ಕೊನೆಯ ಪುಟದವರೆಗೆ ಹೋಗಿ, ಅಲ್ಲಿರುವ ಮೊತ್ತವನ್ನು ರಾತ್ರಿಗಳಿಂದ ಭಾಗಿಸಿ ನೋಡಿ. ಕ್ಲೀನಿಂಗ್ ಫೀ ಒಂದೇ ಸಲದ್ದಾದ್ದರಿಂದ ಬಾಡಿಗೆ ಮನೆ ಎರಡು ರಾತ್ರಿಗೆ ದುಬಾರಿ, ಐದಾರು ರಾತ್ರಿಗೆ ಅಗ್ಗ. ಇದೊಂದು ಲೆಕ್ಕ ಹಾಕದೆ "ಮನೆಗಿಂತ ಹೋಟೆಲೇ ವಾಸಿ" ಅಂತ ಯಾರೂ ತೀರ್ಮಾನಕ್ಕೆ ಬರಬೇಡಿ.

ತಿಪಟೂರಿನ ಅಣ್ಣ ಡಿಸ್ನಿಯವರ ಹೋಟೆಲಲ್ಲೇ ಉಳಿಯಿರಿ, ತಲೆನೋವಿಲ್ಲ ಅಂದಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಕಾರು ಬೇಕಿಲ್ಲ, ಬಸ್ಸು ಪುಕ್ಕಟೆ, ಪಾರ್ಕುಗಳಿಗೆ ಬೇರೆಯವರಿಗಿಂತ ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತಾರೆ. ಅಲ್ಲಿ ಅಗ್ಗದವು ಅಂದರೆ ಮೂರು ಆಲ್ ಸ್ಟಾರ್ ಹೋಟೆಲುಗಳು, ಪಾಪ್ ಸೆಂಚುರಿ, ಆರ್ಟ್ ಆಫ್ ಅನಿಮೇಷನ್. ಆದರೆ ಇವುಗಳ ಮಾಮೂಲಿ ರೂಮೂ ನಾಲ್ಕೇ ಜನಕ್ಕೆ. ಆರು ಜನ ಹಿಡಿಸುವ, ಎರಡು ಬಾತ್‌ರೂಮ್ ಇರುವ ಫ್ಯಾಮಿಲಿ ಸ್ಯೂಟು ಆಲ್ ಸ್ಟಾರ್ ಮ್ಯೂಸಿಕ್ ಮತ್ತು ಆರ್ಟ್ ಆಫ್ ಅನಿಮೇಷನ್‌ನಲ್ಲಿ ಮಾತ್ರ, ಅದರಲ್ಲಿ ಮೈಕ್ರೋವೇವ್, ಸಣ್ಣ ಫ್ರಿಜ್ ಇರುತ್ತವೆ, ಒಲೆ ಇಲ್ಲ. ಬೆಲೆಯೂ ಮಾಮೂಲಿ ರೂಮಿನದ್ದಲ್ಲ. ಗಂಡ, ಹೆಂಡತಿ, ಒಂದೋ ಎರಡೋ ಮಕ್ಕಳು, ಮೂರು ದಿನದ ಪ್ರವಾಸ ಅಂದರೆ ನಾನೂ ಅಣ್ಣನ ಮಾತನ್ನೇ ಹೇಳುತ್ತೇನೆ. ಅಜ್ಜಿ ತಾತ ಇದ್ದರೆ ಹೇಳೋಲ್ಲ.

ಯಾಕೆ ಅಂದರೆ ಒಲೆ. ನಮ್ಮ ಅಪ್ಪನಿಗೆ ಮಧ್ಯಾಹ್ನ ಬ್ರೆಡ್ಡು ತಿಂದರೆ ಊಟ ಮಾಡಿದ ಲೆಕ್ಕಕ್ಕಿಲ್ಲ, ರಾತ್ರಿ ಮುದ್ದೆ ಸಾರು ಇಲ್ಲದೆ ನಿದ್ದೆ ಹತ್ತುವುದಿಲ್ಲ. ಹೋಟೆಲುಗಳ ಪುಕ್ಕಟೆ ತಿಂಡಿ ಅಂದರೆ ಬ್ರೆಡ್ಡು, ಸೀರಿಯಲ್, ವಾಫಲ್, ಬಾಳೆಹಣ್ಣು, ಮೊಟ್ಟೆ. ಮಕ್ಕಳಿಗೆ ಅದು ಹಬ್ಬ. ಸಕ್ಕರೆ ಕಾಯಿಲೆ ಇರುವ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕಾದ ಹಿರಿಯರಿಗೆ ಮೂರನೇ ದಿನಕ್ಕೆ ಅದು ಶಿಕ್ಷೆ. ಪಾರ್ಕಿನ ಒಳಗೆ ಆರು ಜನ ಎರಡು ಹೊತ್ತು ತಿಂದರೆ ರೂಮಿನಲ್ಲಿ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಡಿಸ್ನಿ ಪಾರ್ಕಿನೊಳಗೆ ಮನೆಯ ತಿಂಡಿ ಒಯ್ಯಬಹುದು. ಗಾಜಿನ ಪಾತ್ರೆ, ಮದ್ಯ ಕೂಡದು. ಬೆಳಿಗ್ಗೆ ಒಲೆ ಹಚ್ಚುವ ಸೌಕರ್ಯ ಇದ್ದರೆ ಚಪಾತಿ ಪಲ್ಯ, ಚಿತ್ರಾನ್ನ, ಮೊಸರನ್ನ ಡಬ್ಬಿಗೆ ಹಾಕಿಕೊಂಡು ಹೊರಡಬಹುದು. ಮೊಸರನ್ನವನ್ನು ಐಸ್ ಪ್ಯಾಕ್ ಇರುವ ಚೀಲದಲ್ಲೇ ಇಡಿ, ಅಲ್ಲಿನ ಸೆಕೆಗೆ ಬೇಗ ಹುಳಿಯುತ್ತದೆ.

ಒಲೆ ಇದೆ ಅಂತ ಬರೆದಿದ್ದರೂ ಫೋಟೋ ನೋಡಿ. ಕೆಲವು ಸ್ಯೂಟ್ ಹೋಟೆಲುಗಳಲ್ಲಿ ಎರಡು ಬರ್ನರಿನ ಪುಟ್ಟ ಒಲೆ, ಪಾತ್ರೆ ಕೇಳಿದರೆ ತಂದುಕೊಡುತ್ತಾರೆ. ಬಾಡಿಗೆ ಮನೆಯಲ್ಲಿ ಪೂರ್ತಿ ಅಡುಗೆಮನೆ ಇರುತ್ತದೆ, ಆದರೆ ಪಾತ್ರೆ ಹೆಚ್ಚಾಗಿ ತೆಳು ನಾನ್‌ಸ್ಟಿಕ್. ಅದರಲ್ಲಿ ಮುದ್ದೆ ತೊಳಸೋಕೆ ಆಗುವುದಿಲ್ಲ, ಒತ್ತಿದರೆ ಪಾತ್ರೆಯೇ ತಿರುಗುತ್ತದೆ, ಲೇಪ ಕಿತ್ತು ಬರುತ್ತದೆ. ಅಮ್ಮ ಈಗಾಗಲೇ ಮುದ್ದೆ ಕೋಲನ್ನು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಇಟ್ಟಿದ್ದಾಳೆ. ತಳ ಚಪ್ಪಟೆ ಇರುವ ದಪ್ಪ ಪಾತ್ರೆಯೊಂದನ್ನು ನಾನು ನ್ಯೂಜೆರ್ಸಿಯಿಂದ ಒಯ್ಯುತ್ತೇನೆ. ಚಟ್ನಿಪುಡಿ, ಹುಳಿಪುಡಿ, ರಾಗಿ ಹಿಟ್ಟು ಊರಿಂದ ತರುವವರು ಅಮೆರಿಕದ ವಿಮಾನ ನಿಲ್ದಾಣದಲ್ಲಿ ತಿನ್ನುವ ಸಾಮಾನು ಇದೆ ಅಂತ ಮರೆಯದೆ ತಿಳಿಸಿ. ಮಿಕ್ಸಿ, ಕರೆಂಟ್ ಕುಕ್ಕರ್ ಮಾತ್ರ ತರಿಸಬೇಡಿ, ನಮ್ಮದು 230 ವೋಲ್ಟ್, ಅಲ್ಲಿಯದು 120. ಒಗ್ಗರಣೆ ಹಾಕುವ ಮುಂಚೆ ಒಲೆ ಮೇಲಿನ ಫ್ಯಾನ್ ಹಾಕಿ, ಒಂದು ಕಿಟಕಿ ತೆಗೆಯಿರಿ. ಒಣಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಹೊಡೆದುಕೊಂಡರೆ ವಯಸ್ಸಾದವರು ಗಾಬರಿಯಾಗುತ್ತಾರೆ. ಅತ್ತೆ ದಿನಾ ದೀಪ ಹಚ್ಚುವವರಾದರೆ ಬ್ಯಾಟರಿ ದೀಪ ಇಟ್ಟುಕೊಳ್ಳಿ, ಊದುಬತ್ತಿಯೂ ಬೇಡ.

ಇನ್ನು ಎಲ್ಲಿ ಅನ್ನುವುದು. "ಡಿಸ್ನಿ ಹತ್ತಿರ" ಅನ್ನುವ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಆ ಜಾಗವೇ ಸುಮಾರು 25,000 ಎಕರೆ. ಅಲ್ಲಿನ ನಾಲ್ಕು ಪಾರ್ಕುಗಳಲ್ಲಿ ಮ್ಯಾಜಿಕ್ ಕಿಂಗ್ಡಮ್ ಒಂದು ತುದಿಯಲ್ಲಿ, ಅನಿಮಲ್ ಕಿಂಗ್ಡಮ್ ಇನ್ನೊಂದು ಕಡೆ. ಅಗ್ಗದ ಮೋಟೆಲುಗಳು ಸಾಲಾಗಿರುವುದು ಕಿಸ್ಸಿಮ್ಮಿಯ 192ನೇ ಹೆದ್ದಾರಿಯಲ್ಲಿ. ಆ ರಸ್ತೆಯಲ್ಲಿ ಒಳ್ಳೆಯವೂ ಇವೆ, ಹಳೆಯದಾಗಿ ಹಾಳುಬಿದ್ದವೂ ಇವೆ; ಇತ್ತೀಚಿನ ಎರಡು ಮೂರು ತಿಂಗಳ ವಿಮರ್ಶೆ ಓದದೆ ಹಿಡಿಯಬೇಡಿ. ಬಾಡಿಗೆ ಮನೆಗಳ ಬಡಾವಣೆಗಳು 192ರ ಪಶ್ಚಿಮ ಭಾಗ, ಫೋರ್ ಕಾರ್ನರ್ಸ್, ಚಾಂಪಿಯನ್ಸ್‌ಗೇಟ್, ಡೇವನ್‌ಪೋರ್ಟ್ ಕಡೆ ಇವೆ. ದೂರ ಹೋದಷ್ಟೂ ಬಾಡಿಗೆ ಇಳಿಯುತ್ತದೆ, ಆದರೆ ಇಂಟರ್‌ಸ್ಟೇಟ್ 4 ಹೆದ್ದಾರಿಯ ಟ್ರಾಫಿಕ್ ಬೆಳಿಗ್ಗೆ ಸಂಜೆ ಜೀವ ಹಿಂಡುತ್ತದೆ. ಮ್ಯಾಪಿನಲ್ಲಿ ಬೆಳಿಗ್ಗೆ ಎಂಟಕ್ಕೆ ಹೊರಟರೆ ಎಷ್ಟು ಹೊತ್ತು ಅಂತ ಹಾಕಿ ನೋಡಿ, ಅರ್ಧ ಗಂಟೆಗಿಂತ ಜಾಸ್ತಿ ತೋರಿಸಿದರೆ ನಾನು ಬಿಡುತ್ತೇನೆ. ಮಧ್ಯಾಹ್ನದ ಬಿಸಿಲಿಗೆ ಹಿರಿಯರನ್ನೂ ಚಿಕ್ಕವನನ್ನೂ ಮನೆಗೆ ಕರೆತಂದು, ಊಟ ಹಾಕಿ, ಮಲಗಿಸಿ, ಸಂಜೆ ಮತ್ತೆ ಹೊರಡುವ ಹಾಗಿದ್ದರೆ ಮಾತ್ರ ಆ ಮನೆ ಹಿಡಿದದ್ದಕ್ಕೆ ಸಾರ್ಥಕ.

ಡಿಸ್ನಿ ಪಾರ್ಕುಗಳಲ್ಲಿ ಕಾರು ನಿಲ್ಲಿಸೋಕೆ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಒಂದು ಸಲ ಕಟ್ಟಿದರೆ ಅವತ್ತಿಡೀ ಡಿಸ್ನಿಯ ನಾಲ್ಕೂ ಪಾರ್ಕಿಗೆ ನಡೆಯುತ್ತದೆ, ಆದ್ದರಿಂದ ಮಧ್ಯಾಹ್ನ ಬಂದು ಹೋಗುವುದಕ್ಕೆ ಎರಡನೇ ಸಲ ಕೊಡಬೇಕಿಲ್ಲ. ಮ್ಯಾಜಿಕ್ ಕಿಂಗ್ಡಮ್‌ಗೆ ಹೊರಗಿಂದ ಹೋಗುವವರು ಕಾರು ನಿಲ್ಲಿಸಿದ ಮೇಲೂ ಮಾನೊರೈಲೋ (ಒಂಟಿ ಹಳಿಯ ರೈಲು) ದೋಣಿಯೋ ಹತ್ತಿ ಕೆರೆ ದಾಟಬೇಕು. ಹೊರಗಿನ ಹೋಟೆಲಿನ "ಪುಕ್ಕಟೆ ಶಟಲ್" ಬಸ್ಸು ಕೂಡ ಸಾಮಾನ್ಯವಾಗಿ ಆ ಕಾರು ನಿಲ್ಲಿಸುವ ಕಡೆಗೇ ಬಿಡುತ್ತದೆ, ಪಾರ್ಕಿನ ಬಾಗಿಲಿಗಲ್ಲ. ದಿನಕ್ಕೆ ಎರಡು ಮೂರೇ ಹೊತ್ತು ಓಡುವ ಶಟಲ್ಲುಗಳೂ ಇವೆ. ಆರು ಜನ, ಸಾಮಾನು ಅಂದರೆ ಮಿನಿವ್ಯಾನ್ ಬಾಡಿಗೆಗೆ ಹಿಡಿಯುವುದೇ ಮೇಲು. ಫ್ಲಾರಿಡಾದಲ್ಲಿ ಐದು ವರ್ಷದವರೆಗಿನ ಮಕ್ಕಳಿಗೆ ಕಾರ್ ಸೀಟು ಕಡ್ಡಾಯ, ವಿಮಾನದಲ್ಲಿ ಅದನ್ನು ಪುಕ್ಕಟೆ ಚೆಕ್ ಇನ್ ಮಾಡಿಸಬಹುದು, ಬಾಡಿಗೆಗೆ ತೆಗೆದುಕೊಳ್ಳಬೇಡಿ.

ಮನೆ ಹಿಡಿದರೆ ಈಜುಕೊಳದ ಬಗ್ಗೆ ತಾಯಂದಿರು ದಯವಿಟ್ಟು ಗಮನ ಕೊಡಿ. ಅಲ್ಲಿನ ಬಾಡಿಗೆ ಮನೆಗಳ ಹಿಂದೆಯೇ ಸ್ವಂತ ಕೊಳ ಇರುವುದು ಸಾಮಾನ್ಯ, ಹಾಲಿನ ಗಾಜಿನ ಬಾಗಿಲು ಸರಿಸಿದರೆ ನಾಲ್ಕು ಹೆಜ್ಜೆಗೆ ನೀರು. ಮೂರು ವರ್ಷದ ಮಗುವಿಗೆ ಆ ಬಾಗಿಲು ಸರಿಸೋಕೆ ಬರುತ್ತದೆ. ಕೊಳದ ಸುತ್ತ ತೆಗೆದು ಹಾಕುವ ಬೇಲಿ ಇದೆಯಾ, ಬಾಗಿಲಿಗೆ ಅಲಾರಂ ಇದೆಯಾ ಅಂತ ಮನೆಯವರನ್ನು ಮೊದಲೇ ಕೇಳಿ. ಎರಡೂ ಇಲ್ಲದ ಮನೆ ಎಷ್ಟೇ ಅಗ್ಗ ಇದ್ದರೂ ಬಿಡಿ. ಅಲಾರಂ ಕಿರಿಕಿರಿ ಅಂತ ಅದನ್ನು ಆರಿಸುವುದೂ ಬೇಡ. "ಅಜ್ಜಿ ನೋಡ್ಕೋತಾರೆ" ಅಂತ ಅಜ್ಜಿಯ ತಲೆಗೆ ಆ ಜವಾಬ್ದಾರಿ ಹೊರಿಸಬೇಡಿ, ಈಜು ಬಾರದ ಅರವತ್ತೈದು ವರ್ಷದವರು ಏನು ಮಾಡಿಯಾರು? ಬಡಾವಣೆಯ ಕೆರೆ ಕುಂಟೆಗಳಲ್ಲಿ ಮೊಸಳೆ ಜಾತಿಯ ಆಲಿಗೇಟರ್ ಇರಬಹುದು, ಸಂಜೆ ಮೇಲೆ ದಡಕ್ಕೆ ಮಕ್ಕಳನ್ನು ಬಿಡಬಾರದು.

ಸಮಯದ ವಿಚಾರದಲ್ಲಿ ನಮ್ಮಂಥ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯವರಿಗೆ ಒಂದು ಅನುಕೂಲ ಇದೆ. ಫ್ಲಾರಿಡಾದ ಶಾಲೆಗಳು ಆಗಸ್ಟ್ ಎರಡನೇ ವಾರದ ಹೊತ್ತಿಗೆ ತೆರೆಯುತ್ತವೆ, ನಮ್ಮಲ್ಲಿ ಹೆಚ್ಚಿನ ಕಡೆ ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಲೇಬರ್ ಡೇ ರಜೆ ಆದ ಮೇಲೆ. ಹಾಗಾಗಿ ಆಗಸ್ಟಿನ ಕೊನೆಯ ಎರಡು ವಾರ ಜನವೂ ಕಡಿಮೆ, ರೂಮಿನ ದರವೂ ಇಳಿದಿರುತ್ತದೆ, ಮಕ್ಕಳ ಶಾಲೆಯೂ ತಪ್ಪುವುದಿಲ್ಲ. ತೊಂದರೆ ಅಂದರೆ ಸೆಕೆ, ಮಧ್ಯಾಹ್ನದ ಗುಡುಗು ಮಳೆ, ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಕಾಲ. ಹಣ ವಾಪಸ್ ಬರುವ ಬುಕಿಂಗನ್ನೇ ಮಾಡಿ. ಹತ್ತು ಡಾಲರ್ ಉಳಿಸೋಕೆ ವಾಪಸ್ ಬಾರದ ದರ ಆರಿಸುವುದು ಆ ತಿಂಗಳಲ್ಲಿ ಸಲ್ಲದು. ನಮ್ಮ ಬಯಲುಸೀಮೆಯ ಬಿಸಿಲು ಕಂಡವರಿಗೂ ಅಲ್ಲಿನ ಬೆವರು ಹೊಸದು.

ಟಿಕೆಟ್ಟಿನಲ್ಲಿ ಉಳಿಸಿದ ದುಡ್ಡು ಒಳ್ಳೆಯ ಮನೆಗೆ ಹಾಕಬಹುದು. ಡಿಸ್ನಿ ವರ್ಲ್ಡ್‌ನಲ್ಲಿ ಹಿರಿಯರಿಗೆ ರಿಯಾಯಿತಿ ಇಲ್ಲ, ಹತ್ತು ವರ್ಷ ಆದವರೆಲ್ಲ ದೊಡ್ಡವರ ಲೆಕ್ಕ, ಮೂರು ತುಂಬದ ಮಕ್ಕಳಿಗೆ ಮಾತ್ರ ಪುಕ್ಕಟೆ. ಅತ್ತೆ ಮಾವನಿಗೆ ಎಲ್ಲ ದಿನದ ಟಿಕೆಟ್ ತೆಗೆಯಬೇಡಿ. ಮ್ಯಾಜಿಕ್ ಕಿಂಗ್ಡಮ್ ಒಂದು ದಿನ, ಶಕ್ತಿ ಇದ್ದರೆ ಅನಿಮಲ್ ಕಿಂಗ್ಡಮ್ ಇನ್ನೊಂದು ದಿನ, ಸಾಕು. ಗಾಲಿಕುರ್ಚಿ ಒಳಗೆ ಬಾಡಿಗೆಗೆ ಸಿಗುತ್ತದೆ, ನಮ್ಮವರು ಮುಜುಗರಪಟ್ಟು ಬೇಡ ಅಂತಾರೆ, ಒಪ್ಪಿಸಿ. ಉಳಿದ ದಿನ ಅವರು ಮನೆಯಲ್ಲಿ ಕಾಲು ಚಾಚಿ ಕೂತಿರಲಿ, ಸಂಜೆ ಅಂಗಡಿ, ಹೋಟೆಲುಗಳ ಸಾಲಿರುವ, ಟಿಕೆಟ್ಟೇ ಬೇಡದ ಡಿಸ್ನಿ ಸ್ಪ್ರಿಂಗ್ಸ್‌ಗೆ ಕರೆದುಕೊಂಡು ಹೋಗಿ, ಅಲ್ಲಿ ಪಾರ್ಕಿಂಗೂ ಪುಕ್ಕಟೆ. 192ರ ಪಕ್ಕದ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಟಿಕೆಟ್ ಅಂತ ಬೋರ್ಡು ಕಂಡರೆ ನಿಲ್ಲಬೇಡಿ. ಟೈಮ್‌ಶೇರ್ (ವರ್ಷಕ್ಕೆ ಕೆಲವು ದಿನ ಉಳಿಯೋಕೆ ಅಂತ ರಜಾ ಮನೆಯ ಪಾಲು) ಮಾರುವವರ ಮುಂದೆ ಗಂಟೆಗಟ್ಟಲೆ ಕೂರಿಸುವುದು ಅದರ ಹಿಂದಿರುತ್ತದೆ. ಬೇರೆಯವರು ಒಂದೆರಡು ದಿನ ಬಳಸಿ ಉಳಿಸಿದ ಟಿಕೆಟ್ ಕೊಳ್ಳುವುದಂತೂ ಬೇಡವೇ ಬೇಡ.

ಗೌರಿಬಿದನೂರಿನ ತಂಗಿ ಕೇಳಿದ್ದಕ್ಕೂ ಇಲ್ಲೇ ಹೇಳಿಬಿಡುತ್ತೇನೆ, ಮಕ್ಕಳಿಗೆ ಬೇರೆ ರೂಮು ಬೇಕಾ ಅಂತ. ಅಮೆರಿಕದಲ್ಲಿ ನಮ್ಮ ಎಷ್ಟೋ ಮಕ್ಕಳು ಚಿಕ್ಕಂದಿನಿಂದ ತಮ್ಮ ರೂಮಿನಲ್ಲಿ ಒಬ್ಬೊಬ್ಬರೇ ಮಲಗಿ ಬೆಳೆದವರು. ಆದರೂ ಈ ಪ್ರವಾಸಕ್ಕೆ ಹೆಚ್ಚು ಬೆಡ್‌ರೂಮು ಹುಡುಕಿ ದುಡ್ಡು ಸುರಿಯಬೇಡಿ. ಮೂರು ಬೆಡ್‌ರೂಮಿನ ಮನೆ ಸಾಕು, ಅದರಲ್ಲೊಂದರಲ್ಲಿ ಅಜ್ಜಿಯ ಪಕ್ಕ ಮಕ್ಕಳನ್ನು ಮಲಗಿಸಿ. ವಿಡಿಯೋ ಕಾಲಿನಲ್ಲಿ "ಊಟ ಆಯ್ತಾ" ಅಂದ ಮೇಲೆ ಮಾತು ಮುಗಿದುಹೋಗುವ ಮೊಮ್ಮಗಳು ಕತ್ತಲಲ್ಲಿ ಅಜ್ಜಿಯ ಹೊಟ್ಟೆ ಮೇಲೆ ಕಾಲು ಹಾಕಿಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾಳೆ, ಅದೂ ಕನ್ನಡದಲ್ಲೇ, ಯಾಕಂದರೆ ಅಜ್ಜಿಗೆ ಬೇರೆ ಭಾಷೆ ಬರುವುದಿಲ್ಲ. ವಾರವಿಡೀ ಕನ್ನಡ ಕ್ಲಾಸಿಗೆ ಕರೆದುಕೊಂಡು ಓಡಾಡುವ ನಮಗೆ ಇಂಥ ನಾಲ್ಕು ರಾತ್ರಿ ಎಲ್ಲಿ ಸಿಗುತ್ತದೆ ಹೇಳಿ.

ಅಕ್ಕ, ನಿಮ್ಮ ತಾರೀಖು ಗಟ್ಟಿಯಾದ ಕೂಡಲೇ ಇಲ್ಲಿ ಹಾಕಿ, ನಾನು ನೋಡಿಟ್ಟುಕೊಂಡಿರುವ ಬಡಾವಣೆಗಳಲ್ಲಿ ಆ ವಾರ ಏನು ಖಾಲಿ ಇದೆ ಅಂತ ಹುಡುಕಿ ಕೊಡುತ್ತೇನೆ. ಅಷ್ಟರಲ್ಲಿ ಮಾವನವರಿಗೆ ಮೆಟ್ಟಿಲು ಹತ್ತೋಕೆ ಆಗುತ್ತದಾ ಕೇಳಿಕೊಳ್ಳಿ. ಅಲ್ಲಿ ಎರಡು ಮಹಡಿಯ ಮನೆಗಳೇ ಜಾಸ್ತಿ, ಕೆಳಗೆ ಒಂದು ಬೆಡ್‌ರೂಮು, ಪಕ್ಕದಲ್ಲೇ ಬಾತ್‌ರೂಮು ಇರುವುದನ್ನೇ ನೋಡಬೇಕಾಗುತ್ತದೆ.