ತಪ್ಪೊಪ್ಪಿಕೊಂಡ ತಾರಾ ಆಟಗಾರನನ್ನು ಕ್ಷಮಿಸುವ ಹಕ್ಕು ಯಾರದು?

ಗ್ಯಾಲರಿಪ್ರೇಕ್ಷಕ (ಪ್ರಶ್ನೆ):

ಬಹಳ ದಿನಗಳಿಂದ ಮನಸ್ಸಿನಲ್ಲಿಯೇ ಉಳಿದಿದ್ದ ಒಂದು ಸಂಶಯವನ್ನು ಇಲ್ಲಿ ಕೇಳುತ್ತಿದ್ದೇನೆ. 2018ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಟೆಸ್ಟ್ ಪಂದ್ಯದ ವೇಳೆ ಚೆಂಡನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿದ ಪ್ರಕರಣ ಬಯಲಾದಾಗ ಆಸ್ಟ್ರೇಲಿಯಾದ ನಾಯಕ ಸ್ಟೀವ್ ಸ್ಮಿತ್ ಸಿಡ್ನಿ ವಿಮಾನ ನಿಲ್ದಾಣದಲ್ಲಿ, ತಂದೆಯ ಕೈ ಹೆಗಲ ಮೇಲಿರುವಂತೆಯೇ, ಪತ್ರಕರ್ತರ ಎದುರು ಬಿಕ್ಕಿ ಬಿಕ್ಕಿ ಅತ್ತರು. ಒಂದೂವರೆ ವರ್ಷ ಕಳೆಯುವುದರೊಳಗೆ ಜನ ಅವರನ್ನು ಮತ್ತೆ ಒಪ್ಪಿಕೊಂಡಿದ್ದರು. ಇತ್ತ ಅಮೆರಿಕದ ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2013ರ ಜನವರಿಯಲ್ಲಿ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಅವರ ಎದುರು ಕುಳಿತು, ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯ ತಮ್ಮ ಏಳೂ ಗೆಲುವುಗಳ ಹಿಂದೆ ನಿಷೇಧಿತ ಮದ್ದು ಇತ್ತೆಂದು ಒಪ್ಪಿಕೊಂಡರೂ ಇಂದಿಗೂ ಅವರ ಹೆಸರು ಕೇಳಿದರೆ ಅನೇಕರು ಮುಖ ಸಿಂಡರಿಸುತ್ತಾರೆ.

ಇಬ್ಬರೂ ಸಿಕ್ಕಿಬಿದ್ದ ಮೇಲೆಯೇ ಬಾಯಿಬಿಟ್ಟವರು, ಇಬ್ಬರೂ ಕ್ಯಾಮೆರಾದ ಮುಂದೆಯೇ ಕ್ಷಮೆ ಕೇಳಿದವರು. ಹಾಗಿದ್ದರೂ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಏಕೆ ಸಿಗಲಿಲ್ಲ? ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎನ್ನುವ ಗಾದೆ ಸ್ಮಿತ್ ಅವರ ವಿಷಯದಲ್ಲಿ ಸುಳ್ಳಾಗಿ ಆರ್ಮ್‌ಸ್ಟ್ರಾಂಗ್ ವಿಷಯದಲ್ಲಿ ಮಾತ್ರ ನಿಜವಾಗಿದ್ದು ಹೇಗೆ? ಒಟ್ಟಿನಲ್ಲಿ, ಕೆಳಗೆ ಬಿದ್ದ ತಾರೆಯೊಬ್ಬ ಮತ್ತೆ ಎದ್ದು ನಿಲ್ಲಬೇಕಾದರೆ ಏನು ಮಾಡಬೇಕು, ಅದನ್ನು ಒಪ್ಪುವವರು ಯಾರು ಎಂಬುದರ ಬಗ್ಗೆ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಹಳೇಅಂಪೈರ್:

ಪ್ರಶ್ನೆಯಲ್ಲಿ ಶಿಕ್ಷೆ ಮತ್ತು ಕ್ಷಮೆ ಎರಡೂ ಕಲೆತುಹೋಗಿವೆ ಎಂದು ನನಗನ್ನಿಸುತ್ತದೆ. ಶಿಕ್ಷೆಗೆ ಅಳತೆಯಿದೆ. ಅಲ್ಲಿನ ಮಂಡಳಿಯಾದ ಕ್ರಿಕೆಟ್ ಆಸ್ಟ್ರೇಲಿಯಾ ಸ್ಮಿತ್ ಮತ್ತು ಉಪನಾಯಕ ವಾರ್ನರ್ ಅವರನ್ನು 12 ತಿಂಗಳು, ಚೆಂಡನ್ನು ಉಜ್ಜಿದ ಬ್ಯಾಂಕ್ರಾಫ್ಟ್ ಅವರನ್ನು 9 ತಿಂಗಳು ಹೊರಗಿಟ್ಟು, ಮೂವರಿಗೂ 100 ಗಂಟೆಗಳ ಸಮುದಾಯ ಸೇವೆಯನ್ನು ವಿಧಿಸಿತು. ಆ ಅವಧಿ ಮುಗಿದ ದಿನ ಅವರು ಆಡುವ ಅರ್ಹತೆಯನ್ನು ಮರಳಿ ಪಡೆದರು. ಅದಕ್ಕೆ ಯಾರ ಮನಸ್ಸು ಕರಗಬೇಕಾದ ಅಗತ್ಯವೂ ಇರಲಿಲ್ಲ. ಕ್ಷಮೆಗೆ ಇಂತಹ ಕ್ಯಾಲೆಂಡರ್ ಇಲ್ಲ.

ಇನ್ನು ಇಬ್ಬರ ನಡುವಿನ ವ್ಯತ್ಯಾಸ. ಸುಳ್ಳು ಎಷ್ಟು ದಿನ ಬದುಕಿತ್ತು, ಅದನ್ನು ಬದುಕಿಸಲು ಯಾರನ್ನೆಲ್ಲ ತುಳಿಯಲಾಯಿತು ಎಂಬುದನ್ನು ನೋಡಬೇಕು. ಕೇಪ್‌ಟೌನ್‌ನಲ್ಲಿಯೂ ಮೊದಲ ತಪ್ಪೊಪ್ಪಿಗೆ ಪೂರ್ತಿ ನಿಜವಾಗಿರಲಿಲ್ಲ. ಬಳಸಿದ್ದು ಅಂಟುಪಟ್ಟಿ ಎಂದು ಅಂದು ಸಂಜೆ ಹೇಳಿದರು, ಸ್ಯಾಂಡ್‌ಪೇಪರ್ ಎಂಬ ಸತ್ಯ ಕೆಲವು ದಿನಗಳ ನಂತರ ಹೊರಬಂದಿತು. (ಅಳುವಿನ ದೃಶ್ಯವನ್ನು ನೆನಪಿಟ್ಟುಕೊಂಡವರು ಈ ಅಂಟುಪಟ್ಟಿಯನ್ನು ಮರೆತಿರುತ್ತಾರೆ.) ಆದರೂ ಅದು ಕೆಲವೇ ದಿನಗಳ ಸುಳ್ಳು, ಅದರಿಂದಾಗಿ ಬೇರೆ ಯಾರ ಮನೆಯೂ ಮುರಿಯಲಿಲ್ಲ.

ಆರ್ಮ್‌ಸ್ಟ್ರಾಂಗ್ ಅವರದು ಹತ್ತು ವರ್ಷಕ್ಕೂ ಮೀರಿದ ಸುಳ್ಳು. 1999ರ ಟೂರ್‌ನಲ್ಲಿ ಮದ್ದಿನ ವಿರುದ್ಧ ಪತ್ರಿಕೆಯಲ್ಲಿ ಬರೆಯುತ್ತಿದ್ದ ಕ್ರಿಸ್ಟೋಫ್ ಬಾಸ್ಸೋನ್ ಎಂಬ ಫ್ರೆಂಚ್ ಸವಾರನಿಗೆ, ಸ್ಪರ್ಧೆ ನಡೆಯುತ್ತಿರುವಾಗಲೇ ಪಕ್ಕಕ್ಕೆ ಬಂದು ಮನೆಗೆ ಹೋಗುವಂತೆ ಹೇಳಿದವರು ಅವರು. ಬಾಸ್ಸೋನ್ ಟೂರ್ ಬಿಟ್ಟು ಹೋದರು. 2004ರಲ್ಲಿ, ಆರ್ಮ್‌ಸ್ಟ್ರಾಂಗ್ ಅವರ ವೈದ್ಯ ಮಿಕೆಲೆ ಫೆರಾರಿಯ ವಿರುದ್ಧ ಸಾಕ್ಷಿ ಹೇಳಿದ್ದ ಸವಾರ ಫಿಲಿಪ್ಪೋ ಸಿಮಿಯೋನಿ ಮುಂದಿನ ಗುಂಪನ್ನು ಸೇರಲು ಹೊರಟಾಗ, ಸ್ಪರ್ಧೆಯಲ್ಲಿ ಮುಂದಿರುವವರ ಹಳದಿ ಜೆರ್ಸಿ ತೊಟ್ಟಿದ್ದ ಆರ್ಮ್‌ಸ್ಟ್ರಾಂಗ್ ಅವರೇ ಸ್ವತಃ ಬೆನ್ನಟ್ಟಿ ಅವರನ್ನು ಹಿಂದಕ್ಕೆ ಬರುವಂತೆ ಮಾಡಿದರು ಮತ್ತು ತುಟಿಗೆ ಜಿಪ್ ಎಳೆಯುವ ಸನ್ನೆಯನ್ನೂ ತೋರಿಸಿದರು. ತಂಡದ ಮಸಾಜ್ ಕೆಲಸದಲ್ಲಿದ್ದ ಎಮ್ಮಾ ಓರೈಲಿ ಸತ್ಯ ಹೇಳಿದಾಗ ಅವರ ಚಾರಿತ್ರ್ಯವನ್ನೇ ಹೀನಾಯವಾಗಿ ಆಡಿಕೊಂಡರು. ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಮಾನನಷ್ಟ ಮೊಕದ್ದಮೆಯಲ್ಲಿ ರಾಜಿ ಮಾಡಿಕೊಂಡು ಹಣ ಕೊಡಬೇಕಾಯಿತು. ಇಲ್ಲಿ ಮದ್ದು ಚಿಕ್ಕ ಅಪರಾಧ, ಸತ್ಯ ನುಡಿದವರ ಬದುಕನ್ನು ಕೆಡಿಸಿದ್ದು ದೊಡ್ಡದು. ಟಿವಿಯ ಮುಂದೆ ಕುಳಿತ ಕೋಟ್ಯಂತರ ಜನರಲ್ಲಿ ಕ್ಷಮೆ ಕೇಳಿದರೆ ಈ ನಾಲ್ಕೈದು ಜನರ ಲೆಕ್ಕ ಚುಕ್ತಾ ಆಗುವುದಿಲ್ಲ.

ಅಂಕಣದಾಚೆ:

‘ಹಳೇಅಂಪೈರ್’ ಅವರ ಮಾತಿಗೆ ಗೌರವವಿದೆ. ಆದರೆ ಜನ ಇಷ್ಟೆಲ್ಲ ತೂಗಿ ನೋಡಿ ಕ್ಷಮಿಸುತ್ತಾರೆಂದು ನನಗೆ ನಂಬಿಕೆಯಿಲ್ಲ. 2019ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಆ್ಯಷಸ್ ಸರಣಿಯಲ್ಲಿ ಸ್ಮಿತ್ ಎಜ್‌ಬಾಸ್ಟನ್‌ನಲ್ಲಿ 144 ಮತ್ತು 142, ಆಡಿದ ನಾಲ್ಕು ಟೆಸ್ಟ್‌ಗಳಲ್ಲಿ ಒಟ್ಟು 774 ರನ್ ಗಳಿಸಿದರು. ಮೊದಲ ದಿನ ಬೂ ಎಂದು ಕೂಗಿದ ಜನರೇ ಸರಣಿ ಮುಗಿಯುವ ಹೊತ್ತಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ಸರಣಿಯ ಮೊದಲ ಎರಡು ಟೆಸ್ಟ್ ಆಡಿದ ಬ್ಯಾಂಕ್ರಾಫ್ಟ್ ರನ್ ಗಳಿಸಲಿಲ್ಲ. ಅವರನ್ನು ಜನ ಕ್ಷಮಿಸಿದರೋ ಇಲ್ಲವೋ ಎಂಬ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ.

ಆದರೆ ಗೆಲುವು ಒಂದೇ ಸಾಕು ಎಂದೂ ನಾನು ಹೇಳಲಾರೆ, ಏಕೆಂದರೆ ಅಮೆರಿಕದ ಓಟಗಾರ ಜಸ್ಟಿನ್ ಗ್ಯಾಟ್ಲಿನ್ ಅವರ ಉದಾಹರಣೆ ಕಣ್ಣೆದುರಿಗಿದೆ. 2006ರಲ್ಲಿ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ನಾಲ್ಕು ವರ್ಷಗಳ ನಿಷೇಧವನ್ನು ಮುಗಿಸಿ ಬಂದ ಅವರು 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಓಟವನ್ನು 9.92 ಸೆಕೆಂಡುಗಳಲ್ಲಿ ಗೆದ್ದು, ಮೂರನೆಯವರಾಗಿ ಬಂದ ಉಸೇನ್ ಬೋಲ್ಟ್ ಎದುರು ಮಂಡಿಯೂರಿ ತಲೆಬಾಗಿದರೂ ಕ್ರೀಡಾಂಗಣದ ತುಂಬ ಕೇಳಿಸಿದ್ದು ಬೂ ಎಂಬ ಕೂಗೇ. ಸ್ಮಿತ್ ಅವರಿಗೆ ಮನ್ನಣೆ ತಂದ ಗೆಲುವು ಗ್ಯಾಟ್ಲಿನ್ ಅವರಿಗೆ ಅವಮಾನ ತಂದಿತು. ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಸ್ಮಿತ್ ತಪ್ಪು ಮಾಡಿದ್ದು ಚೆಂಡಿನ ವಿಷಯದಲ್ಲಿ. ಅವರ ಬ್ಯಾಟಿಂಗ್ ಮೇಲೆ ಯಾರಿಗೂ ಎಂದೂ ಅನುಮಾನವಿರಲಿಲ್ಲ. ಚೆಂಡನ್ನು ಕೈಯಿಂದ ಎಸೆದು ಆಡುವ ಅಮೆರಿಕನ್ ಫುಟ್‌ಬಾಲ್‌ನ ಆಟಗಾರ ಮೈಕೆಲ್ ವಿಕ್ ನಾಯಿಗಳ ಕಾದಾಟ ನಡೆಸಿ 2007ರಲ್ಲಿ 23 ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದರು. ಕೃತ್ಯ ಘೋರವಾದರೂ ಅದಕ್ಕೂ ಅವರ ಎಸೆತಕ್ಕೂ ಸಂಬಂಧವಿರಲಿಲ್ಲ. ಗ್ಯಾಟ್ಲಿನ್ ಅವರ ವಿಷಯದಲ್ಲಿ ಹಾಗಲ್ಲ, ಕಲೆ ಹತ್ತಿದ್ದು ಓಟಕ್ಕೇ, ಆದ್ದರಿಂದ ಮರಳಿ ಬಂದು ಎಷ್ಟು ವೇಗವಾಗಿ ಓಡಿದರೋ ಅಷ್ಟೂ ಸಂಶಯ ಹೆಚ್ಚಿತು. ನಾವು ಮೆಚ್ಚಿದ ಗುಣಕ್ಕೆ ಮಸಿ ತಗುಲದಿದ್ದರೆ ನಮ್ಮ ಔದಾರ್ಯಕ್ಕೆ ಮಿತಿಯೇ ಇರುವುದಿಲ್ಲ. ಇದು ನ್ಯಾಯವೆಂದು ನಾನು ಹೇಳುತ್ತಿಲ್ಲ, ನಡೆಯುವುದು ಹೀಗೆ ಎಂದಷ್ಟೇ ಹೇಳುತ್ತಿದ್ದೇನೆ.

ಈ ಲೆಕ್ಕಕ್ಕೆ ಸರಿಹೊಂದದವರು ಪಾಕಿಸ್ತಾನದ ಮೊಹಮ್ಮದ್ ಆಮಿರ್. 2010ರಲ್ಲಿ ಲಾರ್ಡ್ಸ್‌ನಲ್ಲಿ ಹಣಕ್ಕಾಗಿ ನೋಬಾಲ್ ಎಸೆದಾಗ ಅವರಿಗೆ 18 ವರ್ಷ. ಕಳಂಕ ತಗುಲಿದ್ದು ಬೌಲಿಂಗ್‌ಗೇ ಆದರೂ ಐದು ವರ್ಷಗಳ ನಂತರ ಬಂದಾಗ ಬಹುಪಾಲು ಜನ ಒಪ್ಪಿದರು; ಆ ವಯಸ್ಸು ನೆರವಿಗೆ ಬಂದಿರಬೇಕು. ಮೊದಲು ಒಪ್ಪದವರು ಜೊತೆ ಆಟಗಾರರು. ಮೊಹಮ್ಮದ್ ಹಫೀಜ್ ಮತ್ತು ಅಜರ್ ಅಲಿ 2015ರ ಕೊನೆಯಲ್ಲಿ, ಆಮಿರ್ ಇರುವ ತರಬೇತಿ ಶಿಬಿರಕ್ಕೆ ತಾವು ಬರುವುದಿಲ್ಲವೆಂದು ಹಟ ಹಿಡಿದು, ಆಮೇಲೆ ಮನಸ್ಸು ಬದಲಿಸಿದರು. ಒಂದೇ ಡ್ರೆಸಿಂಗ್ ರೂಮಿನಲ್ಲಿ ಕುಳಿತು ಮೋಸಹೋದವರ ಸಿಟ್ಟಿಗೆ ಗ್ಯಾಲರಿಯವರ ಸಿಟ್ಟಿಗಿಂತ ಹೆಚ್ಚಿನ ಹಕ್ಕಿದೆ.

ನಾಲ್ಕನೆಯವಳು:

ಸಾಮಾನ್ಯವಾಗಿ ನಾನು ಇಲ್ಲಿ ಓದುತ್ತೇನೆ, ಬರೆಯುವುದಿಲ್ಲ. ಒಂದು ಕಾಲದಲ್ಲಿ ಮಧ್ಯಮ ದೂರದ ಓಟದಲ್ಲಿ ಸ್ಪರ್ಧಿಸುತ್ತಿದ್ದೆ. ಒಂದು ಮುಖ್ಯ ಸ್ಪರ್ಧೆಯಲ್ಲಿ ನಾಲ್ಕನೆಯವಳಾಗಿ ಬಂದೆ, ಗೆದ್ದವರು ಮದ್ದು ಸೇವಿಸಿದ್ದರೆಂದು ಎರಡು ವರ್ಷಗಳ ಬಳಿಕ ಸಾಬೀತಾಯಿತು. ಹೆಸರು ಬೇಡ. ಇಲ್ಲಿ ನಡೆದಿರುವ ಚರ್ಚೆಯೆಲ್ಲ ಬಿದ್ದವರ ಮತ್ತು ನೋಡುವವರ ನಡುವಿನದಾಗಿರುವುದರಿಂದ, ಅದರಲ್ಲಿ ಕಾಣಿಸದ ಮೂರನೆಯ ಪಕ್ಷದ ಪರವಾಗಿ ಎರಡು ಮಾತು ಹೇಳಬೇಕೆನ್ನಿಸಿತು.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಓಟಗಾರ್ತಿ ಮರಿಯನ್ ಜೋನ್ಸ್ ಮೂರು ಚಿನ್ನ, ಎರಡು ಕಂಚು ಗೆದ್ದರು. 2007ರ ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತು ಕಣ್ಣೀರಿಡುತ್ತಾ ಮದ್ದು ಸೇವಿಸಿದ್ದನ್ನು ಒಪ್ಪಿಕೊಂಡರು, ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿದ್ದಕ್ಕಾಗಿ ಆರು ತಿಂಗಳ ಸೆರೆವಾಸವನ್ನೂ ಅನುಭವಿಸಿದರು. ಅವರ ಮೇಲೆ ನನಗೆ ಕನಿಕರವಿದೆ. ಆದರೆ ಅವರೊಡನೆ ರಿಲೇ ಓಡಿದ, ಆ ಓಟಗಳಲ್ಲಿ ಯಾವ ತಪ್ಪೂ ಸಾಬೀತಾಗದ ಸಂಗಾತಿಗಳ ಪದಕಗಳನ್ನೂ 2008ರಲ್ಲಿ ಕಸಿದುಕೊಳ್ಳಲಾಯಿತು. ಕ್ರೀಡಾ ನ್ಯಾಯಮಂಡಳಿಗೆ ಹೋಗಿ ಅವರು ಅವನ್ನು ಮರಳಿ ಪಡೆದದ್ದು 2010ರಲ್ಲಿ. 100 ಮೀಟರ್ ಓಟದ ಕಥೆ ಇನ್ನೂ ವಿಚಿತ್ರ. ಎರಡನೆಯವರಾಗಿದ್ದ ಗ್ರೀಸಿನ ಎಕಟೆರಿನಿ ಥಾನೌ 2004ರಲ್ಲಿ ಮದ್ದಿನ ಪರೀಕ್ಷೆ ತಪ್ಪಿಸಿಕೊಂಡ ಪ್ರಕರಣದಲ್ಲಿ ಸಿಲುಕಿದ್ದರಿಂದ ಒಲಿಂಪಿಕ್ ಸಮಿತಿ ಅವರಿಗೂ ಚಿನ್ನ ಕೊಡಲು ಒಪ್ಪಲಿಲ್ಲ. ಹಾಗಾಗಿ ಆ ಓಟಕ್ಕೆ ಇಂದಿಗೂ ವಿಜೇತೆ ಇಲ್ಲ. ನಾಲ್ಕನೆಯವರಾಗಿದ್ದ ಮರ್ಲೀನ್ ಓಟಿಗೆ ಕಂಚು ಎಂದು ತೀರ್ಮಾನವಾದದ್ದು 2009ರ ಡಿಸೆಂಬರ್‌ನಲ್ಲಿ, ಓಡಿ ಒಂಬತ್ತು ವರ್ಷಗಳು ಕಳೆದ ಮೇಲೆ.

ಪದಕವನ್ನು ತಡವಾಗಿಯಾದರೂ ಕೊಡಬಹುದು, ವೇದಿಕೆಯ ಮೇಲೆ ನಿಲ್ಲುವ ಆ ಐದು ನಿಮಿಷಗಳನ್ನು ಕೊಡಲಾಗುವುದಿಲ್ಲ. ಆ ಸಂಜೆ ನಾನು ನನ್ನ ತರಬೇತುದಾರರಿಗೆ, ನನ್ನಲ್ಲಿ ಇಷ್ಟೇ ಸಾಮರ್ಥ್ಯವಿರುವುದು ಸರ್, ಎಂದಿದ್ದೆ. ಎರಡು ವರ್ಷ ಆ ಮಾತನ್ನು ನಾನೇ ನಂಬಿಕೊಂಡಿದ್ದೆ, ಮುಂದಿನ ಋತುವಿನಲ್ಲಿ ಸರಿಯಾಗಿ ಓಡದಿರಲು ಅದೂ ಒಂದು ಕಾರಣ. ಜನ ಕ್ಷಮಿಸಿದರು ಎಂದು ಪತ್ರಿಕೆಗಳು ಬರೆದಾಗ, ಆ ‘ಜನ’ ಎಂಬುದರೊಳಗೆ ನನ್ನನ್ನು ಸೇರಿಸಿದ್ದು ಯಾರೆಂದು ನಾನು ಕೇಳಿಕೊಂಡದ್ದುಂಟು.

ಗ್ಯಾಲರಿಪ್ರೇಕ್ಷಕ:

ಮೇಡಂ, ನಿಮ್ಮ ಮಾತನ್ನು ಓದಿದ ಮೇಲೆ ನನ್ನ ಪ್ರಶ್ನೆಯಲ್ಲಿ ಇಡೀ ಒಂದು ಪಕ್ಷವನ್ನೇ ಬಿಟ್ಟಿದ್ದೆನೆಂದು ಅರಿವಾಯಿತು. ಹಾಗಾದರೆ ಅಂತಹ ಆಟಗಾರ ಮಾಡಬಹುದಾದದ್ದೇನು? ಸುಮ್ಮನಿರುವುದೇ ಒಳಿತೆ?

ಹಳೇಅಂಪೈರ್:

ಸುಮ್ಮನಿರುವುದಕ್ಕಿಂತ ಒಳ್ಳೆಯ ದಾರಿ ಹಿಡಿದವರಿದ್ದಾರೆ. ಬ್ರಿಟನ್ನಿನ ಸೈಕಲ್ ಸವಾರ ಡೇವಿಡ್ ಮಿಲ್ಲರ್ 2004ರಲ್ಲಿ ಪೊಲೀಸರ ಕೈಗೆ ಸಿಕ್ಕು, ಮದ್ದು ಸೇವಿಸಿದ್ದನ್ನು ಒಪ್ಪಿಕೊಂಡು, 2003ರ ಟೈಮ್ ಟ್ರಯಲ್ ವಿಶ್ವ ಪ್ರಶಸ್ತಿಯನ್ನು ಕಳೆದುಕೊಂಡು ಎರಡು ವರ್ಷ ಹೊರಗಿದ್ದರು. ಮರಳಿದ ನಂತರ ಯುವ ಸವಾರರಿಗೆ, ತಾವು ಮೊದಲ ಬಾರಿ ಸೂಜಿ ಹಿಡಿದದ್ದು ಹೇಗೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾ ಬಂದರು. ವಿಶ್ವ ಉದ್ದೀಪನ ಮದ್ದು ತಡೆ ಘಟಕದ ಆಟಗಾರರ ಸಮಿತಿಯಲ್ಲಿಯೂ ಕೆಲಸ ಮಾಡಿದರು. ವಿಕ್ ಅವರ ವಿಷಯದಲ್ಲಿ, ರಕ್ಷಿಸಿದ ನಾಯಿಗಳ ಆರೈಕೆಗಾಗಿ ಸುಮಾರು 9 ಲಕ್ಷ 28 ಸಾವಿರ ಡಾಲರ್ ಕೊಡಲು ನ್ಯಾಯಾಲಯವೇ ಆದೇಶಿಸಿತು. ಬಿಡುಗಡೆಯಾದ ಮೇಲೆ ಅವರು ಪ್ರಾಣಿದಯಾ ಸಂಸ್ಥೆಯೊಂದರ ಜೊತೆ ಹೋಗಿ ಹುಡುಗರ ಎದುರು ಮಾತನಾಡಿದರು, ನಾಯಿ ಕಾದಾಟ ನೋಡಲು ಹೋಗುವವರಿಗೂ ಶಿಕ್ಷೆಯಾಗಬೇಕೆಂಬ ಮಸೂದೆಯನ್ನು 2011ರಲ್ಲಿ ಬೆಂಬಲಿಸಿದರು. ಅದು ಮನಸಾರೆಯೋ ವಕೀಲರ ಸಲಹೆಯಂತೆಯೋ ಎಂದು ಕೇಳುವವರು ಆಗಲೂ ಇದ್ದರು. ನನ್ನ ಮಟ್ಟಿಗೆ ಆ ಪ್ರಶ್ನೆ ದೊಡ್ಡದಲ್ಲ. ಬಾಯಿಮಾತಿನ ಪಶ್ಚಾತ್ತಾಪವನ್ನು ಅಳೆಯಲಾಗದು, ವರ್ಷಗಟ್ಟಲೆ ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ.

ಮದ್ದಿನ ಜಾಲದ ಬಗ್ಗೆ ಮಹತ್ವದ ಮಾಹಿತಿ ಕೊಟ್ಟವರ ನಿಷೇಧದ ಅವಧಿಯಲ್ಲಿ ಮುಕ್ಕಾಲು ಪಾಲಿನವರೆಗೂ ವಿನಾಯಿತಿ ನೀಡಲು ಮದ್ದು ತಡೆ ಘಟಕದ ಸಂಹಿತೆಯಲ್ಲಿ ಅವಕಾಶವಿದೆ. ತನಿಖೆಗೆ ಇದು ಅಗತ್ಯವೆಂದು ಒಪ್ಪುತ್ತೇನೆ, ಆದರೆ ಅದು ವ್ಯವಹಾರ. ಅದನ್ನು ಪ್ರಾಯಶ್ಚಿತ್ತವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಅಂಕಣದಾಚೆ:

ಒಂದು ತಿದ್ದುಪಡಿ. ಆರ್ಮ್‌ಸ್ಟ್ರಾಂಗ್ 2013ರ ಕೊನೆಯಲ್ಲಿ ಎಮ್ಮಾ ಓರೈಲಿ ಅವರನ್ನು ಮುಖಾಮುಖಿ ಭೇಟಿಯಾದರು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪತ್ರಿಕೆಯವರ ಸಮ್ಮುಖದಲ್ಲಿಯೇ ನಡೆಯಿತೆಂಬುದನ್ನೂ ಹಿಡಿಯಬೇಕು.

‘ನಾಲ್ಕನೆಯವಳು’ ಮೇಡಂ, ಕೇಳುವುದು ಸರಿಯೋ ತಪ್ಪೋ ತಿಳಿಯದು, ಬೇಡವೆನಿಸಿದರೆ ಉತ್ತರಿಸಬೇಡಿ. ಅಂದು ಗೆದ್ದವರು ನಿಮ್ಮನ್ನು ಎಂದಾದರೂ ಸಂಪರ್ಕಿಸಿದ್ದರೆ?

ನಾಲ್ಕನೆಯವಳು:

ತಪ್ಪೇನಿಲ್ಲ. ಕ್ರೀಡಾಸಂಸ್ಥೆಯಿಂದ ಅಂಚೆಯಲ್ಲಿ ಮೂರನೆಯ ಸ್ಥಾನದ ಪ್ರಮಾಣಪತ್ರ ಬಂದಿತು, ಜೊತೆಗೆ ಪತ್ರವೇನೂ ಇರಲಿಲ್ಲ. ಕೆಲವು ವರ್ಷಗಳ ನಂತರ ಅವರು ಟಿವಿಯಲ್ಲಿ ಸಂದರ್ಶನ ನೀಡಿ, ಅಭಿಮಾನಿಗಳ, ಪ್ರಾಯೋಜಕರ, ಕುಟುಂಬದವರ ಕ್ಷಮೆ ಕೇಳಿದರು. ನಾನು ಆ ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಚೆನ್ನಾಗಿಯೇ ಮಾತನಾಡಿದರು, ಅತ್ತಿದ್ದೂ ನಿಜವಾದ ಅಳುವೇ ಇರಬೇಕು. ನಮ್ಮ ಓಟದ ಪ್ರಸ್ತಾಪ ಅದರಲ್ಲಿ ಬರಲಿಲ್ಲ.