ಪದಚರ್ಚೆ: ಬ್ರೆಡ್ 'ಬೇಯಿಸುವುದಾ', 'ಸುಡುವುದಾ'? (ಸಂಜೆಯೊಳಗೆ ಬೇಕು)

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮೂರ ಮಹಿಳಾ ಸಂಘದಲ್ಲಿ ಮನೆಯಲ್ಲೇ ಬ್ರೆಡ್ ಮಾಡುವುದನ್ನು ಹೇಳಿಕೊಡುತ್ತಿದ್ದೇನೆ. ಎಲ್ಲರ ಕೈಗೆ ಕೊಡುವ ಹಾಳೆ ಸಂಜೆ ಐದಕ್ಕೆ ಜೆರಾಕ್ಸ್‌ಗೆ ಹೋಗಬೇಕು.

ಹೋದ ಸಲ 'ಹಿಟ್ಟು ಉಬ್ಬಿದ ಮೇಲೆ 35 ನಿಮಿಷ ಬೇಯಿಸಿ' ಅಂತ ಬರೆದಿದ್ದೆ. ಒಬ್ಬರು ಮನೆಗೆ ಹೋಗಿ ಇಡ್ಲಿ ಪಾತ್ರೆಯಲ್ಲಿಟ್ಟು ಬೇಯಿಸಿದರು. ಬೆಳ್ಳಗೆ, ಅಂಟಂಟಾಗಿ, ಕಡುಬಿನ ಹಾಗೆ ಆಗಿತ್ತಂತೆ. ತಪ್ಪು ಅವರದಲ್ಲ. ನಮ್ಮಲ್ಲಿ ಬೇಯಿಸುವುದು ಅಂದರೆ ನೀರು, ಇಲ್ಲವೇ ಹಬೆ. ಓವನ್ನಿನ ಒಣ ಬಿಸಿಗೆ ಏನನ್ನಬೇಕು? ಇನ್ನೊಂದು: ನಾದಿ ಒಂದು ಗಂಟೆ ಮುಚ್ಚಿಡುತ್ತೇವಲ್ಲ, ಅಲ್ಲಿ 'ಹುಳಿ ಬರಲಿ' ಅನ್ನಲಾ, 'ಉಬ್ಬಲಿ' ಅನ್ನಲಾ?

ಬೆಂಗಳೂರಿನಿಂದ:

'ಸುಡು'. ಇದರಲ್ಲಿ ಕೇಳುವುದೇನಿದೆ? ಮಡಕೆ ಸುಡುತ್ತೇವೆ, ಇಟ್ಟಿಗೆ ಸುಡುತ್ತೇವೆ, ರೊಟ್ಟಿಯನ್ನೂ ಸುಡುತ್ತೇವೆ. ಅರ್ತ ಸರಿಯಾಗಿಯೇ ಕೂರುತ್ತದೆ. ಓವನ್ನಿಗೆ 'ಸುಡುಗೂಡು' ಅನ್ನಿ, ಯೀಸ್ಟಿಗೆ 'ಹುದುಗು', ಬ್ರೆಡ್ಡಿಗೆ 'ಉಬ್ಬುರೊಟ್ಟಿ'. ಕನ್ನಡದ್ದೇ ಬೇರುಗಳಿರುವಾಗ ಬೇರೆ ಬಾಶೆಗಳ ಮುಂದೆ ಕಯ್ ಚಾಚುವುದೇಕೆ?

ಧಾರವಾಡದಿಂದ:

ಸುಡುಗೂಡು ಅಂದ್ರ ನಮಗ ಸುಡುಗಾಡೇ ನೆನಪಾಗ್ತದ. ಬ್ಯಾಡ್ರಿ.

ಅಕ್ಕಾರ, ನಿಮ್ಮ ಹಾಳೆಯಲ್ಲಿ ಅದಕ್ಕಿಂತ ದೊಡ್ಡ ತೊಡಕು 'ಹಿಟ್ಟು'. ಒಣಗಿದ್ದೂ ಹಿಟ್ಟು, ಕಲಸಿದ್ದೂ ಹಿಟ್ಟು. 'ಹಿಟ್ಟಿನ ಮೇಲೆ ಹಿಟ್ಟು ಉದುರಿಸಿ' ಅಂತ ಬರೆಯುವ ಪಾಡು ಬರುತ್ತದೆ. ಹೋಳಿಗೆ ಮಾಡುವವರೆಲ್ಲ 'ಕಣಕ' ಅನ್ನುವುದಿಲ್ಲವೇ? ಅದನ್ನೇ ಹಾಕಿ. ಜೊತೆಗೆ 'ನಾದು' ಅಂತಲೇ ಬರೆಯಿರಿ, 'ಕಲಸು' ಬೇಡ. ನಾದು ಅನ್ನುವುದು 'ನೆನೆ', 'ನನೆ'ಗಳ ಒಡಹುಟ್ಟು ಅಂತ ನಾನು ಹತ್ತು ವರ್ಷದಿಂದ ಇಲ್ಲಿ ಹೇಳುತ್ತಿದ್ದೇನೆ. ಮೊದಲು ಒದ್ದೆ ಮಾಡುವುದು, ಆಮೇಲೆ ಅಂಗೈಯಿಂದ ಮಿದಿಯುವುದು. ಇಡೀ ಕೆಲಸ ಒಂದೇ ಮಾತಿನಲ್ಲಿದೆ.

ಬೆಂಗಳೂರಿನಿಂದ:

'ಕಣಕ' ಸಂಸ್ಕ್ರುತದ 'ಕಣಿಕ'. ಕನ್ನಡದ್ದಲ್ಲ.

ಧಾರವಾಡದಿಂದ:

ಹಾಂಗಾರ ರೊಟ್ಟಿನೂ ಬಿಡ್ರಿ, ಅದೂ ಹೊರಗಿಂದ ಬಂದದ್ದೇ. ನಿಮ್ಮ ಉಬ್ಬುರೊಟ್ಟಿಯೊಳಗ ಉಬ್ಬಷ್ಟೇ ಉಳೀತದ.

ಮಂಗಳೂರಿನಿಂದ:

'ಹುಳಿ'ಯನ್ನು ಅಷ್ಟು ಸುಲಭವಾಗಿ ಬಿಡಬೇಡಿ. ಕನ್ನಡ ಬೈಬಲ್ಲಿನಲ್ಲಿ 'ಹುಳಿಹಿಟ್ಟು', 'ಹುಳಿಯಿಲ್ಲದ ರೊಟ್ಟಿ' ಎಂದೇ ಇದೆ. ಬ್ರೆಡ್ಡಿನ ವಿಷಯ ಕನ್ನಡದಲ್ಲಿ ಬರೆದವರಲ್ಲಿ ನಾವು ಮೊದಲಿಗರಲ್ಲ.

ಯೀಸ್ಟಿಗೆ 'ಕಿಣ್ವ' ಸರಿಯಾದ ಪದ. ಸಂಸ್ಕೃತದಲ್ಲಿ ಕಿಣ್ವ ಅಂದರೆ ಹೆಂಡ ಹುದುಗಿಸಲು ಹಾಕುವ ವಸ್ತು. ಶಾಲೆಯ ಪುಸ್ತಕದವರು ಅದನ್ನು ಎನ್‌ಜೈಮಿಗೆ, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ವಸ್ತುವಿಗೆ, ಕೊಟ್ಟುಬಿಟ್ಟರು. ಸುಮ್ನೆ ಕೊಟ್ಟಿದ್ದಲ್ಲ. 1877ರಲ್ಲಿ ಜರ್ಮನಿಯ ವಿಜ್ಞಾನಿ ಕ್ಯೂನೆ 'ಎನ್‌ಜೈಮ್' ಎಂದು ಹೆಸರಿಟ್ಟಾಗ ಗ್ರೀಕಿನಲ್ಲಿ ಅದರ ಅರ್ಥ 'ಹುಳಿಹಿಟ್ಟಿನೊಳಗೆ' ಎಂದೇ ಇತ್ತು. ಇನ್ನು ಸಾಲ ತರುವ ಮಾತು. ಕರಾವಳಿಯಲ್ಲಿ ಬ್ರೆಡ್ಡಿಗೆ ಪಾವ್ ಅನ್ನುತ್ತೇವೆ, ಪೋರ್ಚುಗೀಸರದು. ಸನ್ನ (ಇಡ್ಲಿಯಂಥ ಅಕ್ಕಿ ತಿಂಡಿ) ಉಬ್ಬಿಸಲು ಯೀಸ್ಟ್ ಇಲ್ಲದಿದ್ದಾಗ ಕಳ್ಳು ಹಾಕುತ್ತಿದ್ದೆವು. ಪದಕ್ಕೂ ಹಿಟ್ಟಿಗೂ ಹೊರಗಿನದು ಸ್ವಲ್ಪ ಬೀಳಲೇಬೇಕು.

ಶಿರಸಿಯಿಂದ:

ಮೇಷ್ಟ್ರೇ, ಅಂಗಡಿಯಲ್ಲಿ 'ಕಿಣ್ವ ಕೊಡಿ' ಅಂದರೆ ಮೆಡಿಕಲ್ ಶಾಪಿಗೆ ಕಳಿಸುತ್ತಾರೆ. ಯೀಸ್ಟ್ ಯೀಸ್ಟಾಗಿಯೇ ಇರಲಿ. ಮತ್ತೆ ಒಂದು ಗಂಟೆಯಲ್ಲಿ ಹುಳಿ ಬರುವುದಿಲ್ಲ. ದೋಸೆ ಹಿಟ್ಟಿನ ಹಾಗೆ ರಾತ್ರಿಯಿಡೀ ಹೊರಗೆ ಇಟ್ಟುಬಿಟ್ಟರೆ ಕಷ್ಟ ಅಲ್ವಾ? 'ಹುಳಿ' ಕೈಬಿಟ್ಟೆ. ಗಂಟೆ ನಾಲ್ಕೂವರೆ. ಓವನ್ನಿನ ಪದ ಇನ್ನೂ ಸಿಕ್ಕಿಲ್ಲ.

ಹಾಸನದಿಂದ:

ಸಾಮಾನ್ಯವಾಗಿ ಇಲ್ಲಿ ಓದಿ ಸುಮ್ಮನಿರುತ್ತೇನೆ. ನಮ್ಮ ತಂದೆಯವರದು ಬೇಕರಿ, ಸೌದೆ ಒಲೆ. 'ಬೇಯಿಸು', 'ಸುಡು' ಎರಡನ್ನೂ ಅಲ್ಲಿ ಕೇಳಿದ ನೆನಪಿಲ್ಲ. 'ಒಲೆಗೆ ಹಾಕು', 'ಒಲೆಯಿಂದ ತೆಗಿ', ಅಷ್ಟೇ. ಸುಟ್ಟಿದೆ ಅಂದರೆ ಹಾಳಾಗಿದೆ ಅಂತ, ಬೈಗುಳ ಗ್ಯಾರಂಟಿ. ಆಗಿದೆಯೋ ಇಲ್ಲವೋ ನೋಡಲು ಅಪ್ಪ ಟಿನ್ನಿನಿಂದ ಒಂದನ್ನು ಬಟ್ಟೆಯಲ್ಲಿ ಹಿಡಿದು ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದರೆ ಆಯ್ತು. ಮೆತ್ತಗೆ ಸದ್ದು ಬಂದರೆ ಮತ್ತೆ ಒಲೆಗೆ. ಒಂದು ಇಡೀ ಬ್ರೆಡ್ಡಿಗೆ 'ಒಂದು ಪೌಂಡ್' ಅನ್ನುತ್ತಿದ್ದರು. ಈಗಲೂ ಗಿರಾಕಿಗಳು ಹಾಗೇ ಕೇಳುತ್ತಾರೆ.

ಬೆಂಗಳೂರಿನಿಂದ:

ಬೇಕರಿಯವರ ಮಾತು ನುಡಿಯರಿಮೆ ಅಲ್ಲ.

ಧಾರವಾಡದಿಂದ:

ಮತ್ತ ಯಾರದ್ರಿ?

ಶಿರಸಿಯಿಂದ:

ಹಾಸನದವರೇ, ಉಳಿಸಿಬಿಟ್ಟಿರಿ. ಕ್ರಿಯಾಪದವನ್ನೇ ಬಿಟ್ಟುಬಿಟ್ಟೆ. ಹಾಳೆಗೆ ಹೋದದ್ದು ಇದು:

'ಮೈದಾ 500 ಗ್ರಾಂ, ಒಣ ಯೀಸ್ಟ್ 7 ಗ್ರಾಂ, ಉಪ್ಪು 10 ಗ್ರಾಂ, ಉಗುರುಬೆಚ್ಚಗಿನ ನೀರು 320 ಮಿ.ಲೀ. ಕಲಸಿ, ಕಣಕವನ್ನು ಹತ್ತು ನಿಮಿಷ ಚೆನ್ನಾಗಿ ನಾದಿ. ಚೂರು ತೆಗೆದು ಎಳೆದರೆ ಹರಿಯದೆ ತೆಳ್ಳಗಾಗಬೇಕು. ಮುಚ್ಚಿಟ್ಟು ಎರಡರಷ್ಟು ಉಬ್ಬಲು ಬಿಡಿ. ಉದ್ದಕ್ಕೆ ಸುತ್ತಿ, ಎಣ್ಣೆ ಸವರಿದ ಟಿನ್ನಿಗೆ ಹಾಕಿ, ಇನ್ನೊಮ್ಮೆ ಉಬ್ಬಲಿ. 200 ಡಿಗ್ರಿಗೆ ಕಾದ ಓವನ್ನಿಗೆ ಹಾಕಿ. ಸುಮಾರು 35 ನಿಮಿಷಕ್ಕೆ ಮೇಲೆ ಕೆಂಪಾಗುತ್ತದೆ. ತಳ ತಟ್ಟಿ, ಟೊಳ್ಳು ಸದ್ದು ಬಂದರೆ ತೆಗೆಯಿರಿ. ಆರಿದ ಮೇಲೆ ಕತ್ತರಿಸಿ. ಇಡ್ಲಿ ಪಾತ್ರೆ ಬೇಡ.'

ಬೆಂಗಳೂರಿನಿಂದ:

'ಓವನ್' ಹಾಗೇ ಬಿಟ್ಟಿದ್ದೀರಿ.