59ಎಬಿ ಫ್ಲಾಟ್‌ಹೆಡ್‌ಗೆ ಕ್ಲಚ್ 10 ಇಂಚೋ, 11 ಇಂಚೋ?

ಕೂಪೆ40:
ಎಲ್ಲರಿಗೂ ನಮಸ್ಕಾರ. ನಾನಿರುವುದು ಒಹಾಯೋದಲ್ಲಿ. 1940ರ ಫೋರ್ಡ್ ಕೂಪೆ ಒಂದನ್ನು ಹಾಟ್ ರಾಡ್ (ಎಂಜಿನ್ ಬಲ ಹೆಚ್ಚಿಸಿದ ಹಳೇ ಕಾರು) ಮಾಡುತ್ತಿದ್ದೇನೆ. ಎಂಜಿನ್ ಫೋರ್ಡಿನ ಹಳೇ 59ಎಬಿ ಫ್ಲಾಟ್‌ಹೆಡ್ (ವಾಲ್ವುಗಳು ಬ್ಲಾಕಿನಲ್ಲೇ ಇರುವ) ವಿ8, 239 ಕ್ಯೂಬಿಕ್ ಇಂಚು. ಎರಡು ಕಾರ್ಬ್ಯುರೇಟರ್, ಸ್ವಲ್ಪ ಜೋರು ಕ್ಯಾಮ್. ಗೇರ್‌ಬಾಕ್ಸ್ ಹಳೇ ಮೂರು ಗೇರಿನದೇ. ಬಿಚ್ಚಿದರೆ ಒಳಗೆ 9 ಇಂಚಿನ ಕ್ಲಚ್ ಪ್ಲೇಟ್ ಇತ್ತು, ಸವೆದು ರಿವೆಟ್ ಕಾಣುತ್ತಿದೆ. ಪಾರ್ಟ್ಸ್ ಅಂಗಡಿಯವನು 11 ಹಾಕಿಬಿಡಿ ಅಂತಾನೆ. ಹಾಕಲಾ?

ಟಾಪ್‌ಗೇರ್_ಮಂಜ:
ದೊಡ್ಡದು ಹಾಕಿದರೆ ನಷ್ಟ ಏನು ಗುರು? ಜಾರಲ್ಲ, ಅಷ್ಟೇ.

ಹಳೇ_ಲೇತ್:
ನಷ್ಟ ಇದೆ. 11 ಇಂಚು ಟ್ರಕ್ಕಿನ ಅಳತೆ. ಭಾರ ಹೊತ್ತು ಏರು ಹತ್ತುವ ಗಾಡಿಗೆ ಬೇಕು, ಕೂಪೆಗಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಕ್ಲಚ್ ಎಷ್ಟು ಟಾರ್ಕ್ (ತಿರುಗಿಸುವ ಬಲ) ತಡೆಯುತ್ತದೆ ಅನ್ನುವುದಕ್ಕೆ ನಾಲ್ಕು ಅಂಕಿ ಸಾಕು: ಲೈನಿಂಗಿನ (ಪ್ಲೇಟಿನ ಮುಖದ ಘರ್ಷಣೆ ಪದರ) ಹಿಡಿತ, ಸ್ಪ್ರಿಂಗಿನ ಒತ್ತಡ, ಲೈನಿಂಗಿನ ಸರಾಸರಿ ತ್ರಿಜ್ಯ, ಪ್ಲೇಟಿನ ಎರಡು ಮುಖ. 10 ಇಂಚಿನ ಪ್ಲೇಟಿಗೆ ಸರಾಸರಿ ತ್ರಿಜ್ಯ ಸುಮಾರು 4 ಇಂಚು, ಅಂದ್ರೆ ಅಡಿಯ ಮೂರನೇ ಒಂದು ಭಾಗ. ಹಿಡಿತ 0.3, ಒತ್ತಡ 1200 ಪೌಂಡ್ ಅಂತ ಇಟ್ಟುಕೊಳ್ಳಿ. ಗುಣಿಸಿದರೆ 240 ಪೌಂಡ್-ಅಡಿ. ನಿಮ್ಮ 239 ಕಂಪನಿಯಿಂದ ಬಂದಾಗ ಕೊಡುತ್ತಿದ್ದುದು 100 ಕುದುರೆಶಕ್ತಿ, 180 ಪೌಂಡ್-ಅಡಿ. ಎರಡು ಕಾರ್ಬ್ಯುರೇಟರ್ ಹಾಕಿದರೂ 10 ಇಂಚು ಧಾರಾಳ.

ಈಗ ಮಂಜ ಕೇಳಿದ ನಷ್ಟ. ಆ ಮೂರು ಗೇರಿನ ಬಾಕ್ಸ್ ಅಷ್ಟೇನೂ ಗಟ್ಟಿ ಅಲ್ಲ. ಸಿಗ್ನಲ್‌ನಲ್ಲಿ ಎಕ್ಸಲರೇಟರ್ ಒತ್ತಿ ಪೆಡಲ್ ಫಟ್ ಅಂತ ಬಿಟ್ಟರೆ ಏನೋ ಒಂದು ಸೋಲಬೇಕಲ್ವಾ? ಕ್ಲಚ್ ಸ್ವಲ್ಪ ಜಾರಿದರೆ ಲೈನಿಂಗ್ ಸುಡುತ್ತೆ, ಅಷ್ಟೇ. ಜಾರದೇ ಹೋದರೆ ಗೇರಿನ ಹಲ್ಲೋ, ಹಿಂದಿನ ಆಕ್ಸಲ್ಲಿನ ಕೀಲೋ ಹೋಗುತ್ತೆ. ಕ್ಲಚ್ ನಿಮ್ಮ ಫ್ಯೂಸ್ ಇದ್ದ ಹಾಗೆ. ಅದೂ ಅಲ್ಲದೆ ಈ ಕಾರಿನಲ್ಲಿ ಟಾರ್ಕ್ ಟ್ಯೂಬ್ (ಡ್ರೈವ್ ಶಾಫ್ಟನ್ನು ಮುಚ್ಚಿ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಗಟ್ಟಿ ಕೊಳವೆ) ಇದೆ. ಗೇರ್‌ಬಾಕ್ಸ್ ಇಳಿಸಬೇಕು ಅಂದ್ರೆ ಹಿಂದಿನ ಆಕ್ಸಲ್ ಪೂರ್ತಿ ಹಿಂದಕ್ಕೆ ತಳ್ಳಬೇಕು, ಇಲ್ಲ ಎಂಜಿನ್ನೇ ಎತ್ತಬೇಕು. ಆ ಕೆಲಸ ಯಾರಿಗೂ ಎರಡನೇ ಸಲ ಬೇಡ.

ಆರ್ಡರ್ ಮಾಡುವ ಮುಂಚೆ ಫ್ಲೈವೀಲ್ (ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ, ಕ್ಲಚ್ ಕೂರುವುದು ಇದರ ಮೇಲೇ) ನೋಡಿ. 9, 10, 11ಕ್ಕೆ ಪ್ರೆಶರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನ ಭಾಗ) ಬೋಲ್ಟ್ ತೂತುಗಳು ಬೇರೆ ಬೇರೆ ಸುತ್ತಿನಲ್ಲಿರುತ್ತವೆ. ಕೆಲವು ಫ್ಲೈವೀಲಿಗೆ ಎರಡು ಅಳತೆಗೂ ತೂತು ಹೊಡೆದಿರುತ್ತಾರೆ. ಜಾಗವನ್ನೂ ಅಳೆಯಿರಿ: ಈ ಎಂಜಿನ್ನಿನಲ್ಲಿ ಬೆಲ್ ಹೌಸಿಂಗಿನ (ಕ್ಲಚ್ ಮುಚ್ಚುವ ಕವಚ) ಮೇಲರ್ಧ ಬ್ಲಾಕಿನ ಜೊತೆಗೇ ಎರಕ ಹೊಯ್ದದ್ದು, ಕೆಳಗಿನದು ಆಯಿಲ್ ಪ್ಯಾನಿನ ಭಾಗ. 1949ರ 8ಬಿಎ ಎಂಜಿನ್ ಥರ ಬಿಚ್ಚಿ ಬೇರೆ ಹಾಕುವ ಹಾಗಿಲ್ಲ.

ಕೂಪೆ40:
ಥ್ಯಾಂಕ್ಸ್ ಸರ್. ಮುಂದೆ ಟಿ5 ಐದು ಗೇರಿನ ಬಾಕ್ಸ್ ಹಾಕುವ ಆಸೆ ಇದೆ. ಆಗ ಈ ಕ್ಲಚ್ ದಂಡ ಆಗುತ್ತಾ? ಇನ್ನೊಂದು, ಹಳೇ ಪ್ಲೇಟಿನ ಒಂದು ಕಡೆ ಕಪ್ಪಗೆ ಜಿಡ್ಡು ಜಿಡ್ಡಾಗಿದೆ.

ಹಳೇ_ಲೇತ್:
ಪ್ರೆಶರ್ ಪ್ಲೇಟ್ ಉಳಿಯುತ್ತೆ, ಡಿಸ್ಕ್ (ಅಂದ್ರೆ ಲೈನಿಂಗ್ ಇರುವ ಕ್ಲಚ್ ಪ್ಲೇಟ್) ಬದಲಾಗುತ್ತೆ. ನಿಮ್ಮ ಈಗಿನ ಬಾಕ್ಸಿನ ಶಾಫ್ಟ್ 1-3/8 ಇಂಚು, 10 ಸ್ಪ್ಲೈನ್ (ಡಿಸ್ಕ್ ಕೂರುವ ಉದ್ದುದ್ದ ಹಲ್ಲು). ಮಸ್ಟಾಂಗಿನ ಟಿ5 ಆದರೆ 1-1/16 ಇಂಚು, 10 ಸ್ಪ್ಲೈನ್. ಎಸ್10 ಪಿಕಪ್ಪಿನದಾದರೆ 1 ಇಂಚು, 14 ಸ್ಪ್ಲೈನ್. ಹೊರಗಿನ ಅಳತೆ ಫ್ಲೈವೀಲಿನದು, ನಡುವಿನ ಹಬ್ ಗೇರ್‌ಬಾಕ್ಸಿನದು. ಹಾಗೇ ಹೇಳಿ ಡಿಸ್ಕ್ ತರಿಸಿ. ಪೈಲಟ್ ಬೇರಿಂಗೂ (ಶಾಫ್ಟಿನ ತುದಿ ಹಿಡಿಯುವ ಬೇರಿಂಗ್) ಆ ಶಾಫ್ಟಿಗೆ ಹೊಂದಬೇಕು.

ಜಿಡ್ಡಿನ ವಿಷಯ ನೀವು ಮೊದಲೇ ಹೇಳಬೇಕಿತ್ತು ಮಾರಾಯ್ರೆ! ಫ್ಲೈವೀಲ್ ಕಡೆ ಇದ್ದರೆ ಹಿಂದಿನ ಮೇನ್ ಬೇರಿಂಗಿನಿಂದ ಎಂಜಿನ್ ಆಯಿಲ್ ಬರುತ್ತಿರಬಹುದು. ಗೇರ್‌ಬಾಕ್ಸ್ ಕಡೆ ಇದ್ದರೆ ಮೂಸಿ ನೋಡಿ, ಗೇರ್ ಆಯಿಲಿನ ಗಬ್ಬು ವಾಸನೆ ಗೊತ್ತಾಗುತ್ತೆ. ಆಯಿಲ್ ಬಿದ್ದರೆ 11 ಇಂಚಲ್ಲ, 12 ಇದ್ದರೂ ಜಾರುತ್ತೆ. ಮೊದಲು ಸೋರಿಕೆ ನಿಲ್ಲಿಸಿ. ಫ್ಲೈವೀಲಿನ ಮುಖ ಗ್ರೈಂಡ್ ಮಾಡಿಸಿ. ಕ್ಲಚ್ ಆಮೇಲೆ ತರಿಸಿದರಾಯಿತು.